ಎಷ್ಟು ಯೋಜನ ಹಾರಬಲ್ಲೆ?

ನಮ್ಮ ಕಡೆ ಮಕ್ಕಳಿಗೆ ಬುದ್ಧಿ ಬಲಿಯುವ ಮೊದಲೇ ಕಲಿಸುವ ಮರ್ಯಾದೆಯೊಂದಿದೆ. ತನ್ನ ಸುದ್ದಿ ತಾನು ಹೇಳಿಕೊಳ್ಳಬಾರದು. ಬಂದ ನೆಂಟರು 'ಪರೀಕ್ಷೆ ಹೇಗಾಯ್ತು?' ಎಂದರೆ 'ಏನೋ, ಆಯ್ತು' ಎನ್ನಬೇಕು. ತೊಂಬತ್ತು ಬಂದರೂ ಅಷ್ಟೇ, ಮೂವತ್ತೈದು ಬಂದರೂ ಅಷ್ಟೇ. ಫಸಲು ಹೇಗಿದೆ ಎಂದು ಕೇಳಿದವರಿಗೆ 'ಈ ವರ್ಷ ಎಂತದೂ ಇಲ್ಲ ಮಾರಾಯ್ರೆ, ಕೊಳೆ ಬಂದು ಹೋಯ್ತು' ಎಂದೇ ಹೇಳಬೇಕು, ಅಟ್ಟದ ಮೇಲೆ ಚೀಲ ಬಿರಿಯುವಷ್ಟು ಅಡಿಕೆ ಇದ್ದರೂ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕಿನಲ್ಲಿ ಈ ಒಂದು ವಿಷಯಕ್ಕೆ ಜಾತಿಭೇದವಿಲ್ಲ. ಹವ್ಯಕರ ಮನೆಯಲ್ಲೂ ಇದೇ ಪಾಠ, ಒಕ್ಕಲಿಗರ ಮನೆಯಲ್ಲೂ ಇದೇ, ದೀವರ ಮನೆಯಲ್ಲೂ ಇದೇ.

ಹೀಗೆ ಬೆಳೆದ ಮಗುವನ್ನು ಒಂದು ದಿನ ರಾತ್ರಿ ಬಸ್ಸಿಗೆ ಹತ್ತಿಸಿ ಬೆಂಗಳೂರಿಗೆ ಕಳಿಸುತ್ತೇವೆ. ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಇಳಿದು, ಯಾರದೋ ರೂಮಿನಲ್ಲಿ ಸ್ನಾನ ಮುಗಿಸಿ, ಇಸ್ತ್ರಿ ಮುರಿಯದಂತೆ ಆಟೋದಲ್ಲಿ ಕೂತು ಹೋದರೆ, ಮೇಜಿನ ಆಚೆಗಿನವರ ಮೊದಲ ಮಾತೇ 'ನಿಮ್ಮ ಬಗ್ಗೆ ಹೇಳಿ.' ಇಪ್ಪತ್ತು ವರ್ಷ ಯಾವುದನ್ನು ಮಾಡಬೇಡ ಎಂದು ಕಲಿಸಿದೆವೋ ಅದನ್ನೇ ಇಪ್ಪತ್ತು ನಿಮಿಷ ಮಾಡು ಎನ್ನುತ್ತಾರೆ.

ನಾನು ಬ್ಯಾಂಕಿನಲ್ಲಿದ್ದು ನಿವೃತ್ತಳಾದವಳು. ಹುಟ್ಟಿದ್ದು ಹೊಸನಗರ ತಾಲೂಕಿನಲ್ಲಿ, ಓದಿದ್ದು ಸಾಗರದಲ್ಲಿ, ಕೆಲಸದ ಮೊದಲ ವರ್ಷಗಳು ತೀರ್ಥಹಳ್ಳಿಯಲ್ಲಿ. ಸಂದರ್ಶನದ ಮೇಜಿನ ಈ ಬದಿಯಲ್ಲಿ ಕೂತು ಬೆವರಿದ್ದೂ ಉಂಟು, ಆ ಬದಿಯಲ್ಲಿ ಕೂತು ಬಿಸ್ಕತ್ತು ತಿಂದದ್ದೂ ಉಂಟು. ಈಗ ಸಾಗರದ ನಮ್ಮ ಮನೆಯ ಜಗಲಿಗೆ ನೆಂಟರ ಮಕ್ಕಳು, ಆ ಮಕ್ಕಳ ಸ್ನೇಹಿತರು, ಕೆಲವು ಸಲ ಪರಿಚಯವೇ ಇಲ್ಲದವರೂ ಬರುತ್ತಾರೆ. 'ದೊಡ್ಡಮ್ಮ, ನಾಡಿದ್ದು ಇಂಟರ್‌ವ್ಯೂ ಇದೆ, ಸ್ವಲ್ಪ ಪ್ರಶ್ನೆ ಕೇಳಿ' ಎನ್ನುತ್ತಾರೆ. ಕೈ ಎಲ್ಲಿಡಬೇಕು, ಯಾವ ಬಣ್ಣದ ಬಟ್ಟೆ ಹಾಕಬೇಕು ಎಂಬುದನ್ನೆಲ್ಲ ಯೂಟ್ಯೂಬಿನಲ್ಲಿ ನೋಡಿಕೊಂಡೇ ಬಂದಿರುತ್ತಾರೆ. ಅಲ್ಲಿ ಉತ್ತರ ಸಿಗದ ಪ್ರಶ್ನೆಯೊಂದು ಗಂಟಲಲ್ಲಿ ಉಳಿದಿರುತ್ತದೆ. ಬಾಯಿಬಿಟ್ಟು ಕೇಳುವವರು ಕಡಿಮೆ. ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗ ಮಾತ್ರ ನೇರವಾಗಿ ಕೇಳಿದ: 'ನನ್ನನ್ನು ನಾನೇ ಹೊಗಳಿಕೊಳ್ಳೋದು ಪಾಪ ಅಲ್ವಾ?'

ಅವನ ಜೊತೆ ಬಂದವರು ನಕ್ಕರು. ನನಗೆ ನಗು ಬರಲಿಲ್ಲ. ಏಕೆಂದರೆ ಶಾಸ್ತ್ರವೆಲ್ಲ ಆ ಹುಡುಗನ ಪಕ್ಷದಲ್ಲೇ ಇದೆ. ಬಸವಣ್ಣನವರು ಏಳು 'ಬೇಡ'ಗಳನ್ನು ಹೇಳುವ ಆ ಪ್ರಸಿದ್ಧ ವಚನದಲ್ಲಿ ಕಳವು, ಕೊಲೆ, ಸುಳ್ಳುಗಳ ಸಾಲಿನಲ್ಲೇ ಆತ್ಮಸ್ತುತಿಯನ್ನೂ ಕೂರಿಸಿದ್ದಾರೆ. ಮಹಾಭಾರತ ಇನ್ನೂ ಮುಂದೆ ಹೋಗುತ್ತದೆ. ಕರ್ಣಪರ್ವದಲ್ಲಿ ಕರ್ಣನ ಬಾಣಕ್ಕೆ ನೊಂದು ಬಿಡಾರಕ್ಕೆ ಬಂದ ಧರ್ಮರಾಯ, ಸಿಟ್ಟಿನಲ್ಲಿ ಅರ್ಜುನನಿಗೆ ಗಾಂಡೀವವನ್ನು ಬೇರೆಯವರಿಗೆ ಕೊಟ್ಟುಬಿಡು ಎನ್ನುತ್ತಾನೆ. ಹಾಗೆಂದವರ ತಲೆ ತೆಗೆಯುತ್ತೇನೆಂದು ಅರ್ಜುನನ ಶಪಥ. ಕತ್ತಿ ಹಿರಿದೂ ಆಯಿತು. ಕೃಷ್ಣ ತಡೆದು, ಹಿರಿಯರನ್ನು ಏಕವಚನದಲ್ಲಿ ನಿಂದಿಸಿದರೆ ಕೊಂದಂತೆಯೇ, ಅಷ್ಟು ಮಾಡು, ಶಪಥ ತೀರುತ್ತದೆ ಎನ್ನುತ್ತಾನೆ. ಅರ್ಜುನ ಅಣ್ಣನನ್ನು ಬೈದ. ಬೈದ ಮೇಲೆ ಪಶ್ಚಾತ್ತಾಪವಾಗಿ ತನ್ನ ಕೊರಳಿಗೇ ಕತ್ತಿ ಹಿಡಿದ. ಆಗ ಕೃಷ್ಣ ಕೊಟ್ಟ ಪರಿಹಾರ ನೋಡಿ: ನಿನ್ನನ್ನು ನೀನೇ ಹೊಗಳಿಕೋ, ಅದು ಆತ್ಮಹತ್ಯೆಗೆ ಸಮ. ಅರ್ಜುನ ಹೊಗಳಿಕೊಂಡ. ಪಿನಾಕವನ್ನು ಹಿಡಿದ ಶಿವನೊಬ್ಬನನ್ನು ಬಿಟ್ಟರೆ ತನಗೆ ಸಮನಾದ ಬಿಲ್ಲುಗಾರ ಯಾರೂ ಇಲ್ಲ ಎಂದ. ಅಲ್ಲಿಗೆ ಸತ್ತಂತಾಯಿತು.

ಇಂಥ ಪುರಾಣವನ್ನು ಹಾಲಿನೊಂದಿಗೆ ಕುಡಿದ ಹುಡುಗ 'ನಿಮ್ಮ ಬಗ್ಗೆ ಹೇಳಿ' ಎಂದಾಗ ತಡವರಿಸಿದರೆ ಅದು ಬರೀ ಇಂಗ್ಲಿಷಿನ ತೊಂದರೆಯಲ್ಲ. ಇಂಗ್ಲಿಷ್ ಕೋಚಿಂಗಿಗೆ ಸೇರಿಸಿದರೆ ಸರಿಹೋಗುತ್ತದೆಂದು ತಂದೆತಾಯಿ ತಿಳಿಯುತ್ತಾರೆ. ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಕೋಚಿಂಗಿಗೆ ಹೋಗಿ ಬಂದ ಮಕ್ಕಳು ಇನ್ನೊಂದು ಬಗೆಯ ಸುಳ್ಳನ್ನು ಕಲಿತು ಬರುತ್ತಾರೆ. ನಿಮ್ಮ ದೌರ್ಬಲ್ಯ ಏನು ಎಂದರೆ 'ನಾನು ಅತಿಯಾಗಿ ಕೆಲಸ ಮಾಡುತ್ತೇನೆ, ಅದೇ ನನ್ನ ದೌರ್ಬಲ್ಯ' ಎನ್ನುತ್ತಾರೆ. ಆ ಬದಿಯಲ್ಲಿ ಕೂತಿದ್ದಾಗ ಈ ಉತ್ತರ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಕೊನೆಗೆ ಸಂದರ್ಶನ ಸಮಿತಿಯ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಬರೆದುಕೊಂಡಂತೆ ಮಾಡುತ್ತಿದ್ದೆವು.

ಹಾಗಾದರೆ ದಾರಿ ಯಾವುದು? ನನಗೆ ಅದು ಹೊಳೆದದ್ದು ನಗರದ ಕಡೆಯ ಒಬ್ಬ ಹುಡುಗಿಯಿಂದ. ಬಿದನೂರಿನ ಕೋಟೆ ಇರುವ ನಗರ, ಹೊಸನಗರ ತಾಲೂಕಿನದು. ಬಿ.ಕಾಂ. ಮುಗಿಸಿದ್ದಳು. ಬ್ಯಾಂಕಿನ ಪ್ರೊಬೇಷನರಿ ಅಧಿಕಾರಿ ಹುದ್ದೆಯ ಮುಖ್ಯ ಪರೀಕ್ಷೆ ಪಾಸಾಗಿ ಸಂದರ್ಶನಕ್ಕೆ ಕರೆ ಬಂದಿತ್ತು. ಜಗಲಿಯ ಮೇಲೆ ಕುರ್ಚಿ ಹಾಕಿ ಕೂರಿಸಿ, ಪದವಿ ಮುಗಿದ ಮೇಲಿನ ಒಂದು ವರ್ಷ ಏನು ಮಾಡಿದೆ ಎಂದು ಕೇಳಿದೆ. ಇದನ್ನು ಯಾವ ಸಮಿತಿಯೂ ಕೇಳದೆ ಬಿಡುವುದಿಲ್ಲ.

'ಏನಿಲ್ಲ ದೊಡ್ಡಮ್ಮ, ಮನೇಲೇ ಇದ್ದೆ.'

'ಮನೇಲಿ ಎಂತ ಮಾಡ್ತಿದ್ದೆ?'

'ಎಂತ ಮಾಡೋದು? ಅಪ್ಪಂಗೆ ಆಪರೇಷನ್ ಆಗಿತ್ತಲ್ಲ. ಸುಲಿಯೋದು ಗಿಲಿಯೋದು ನೋಡ್ಕೊಂಡಿದ್ದೆ.'

ಆ 'ಗಿಲಿಯೋದು' ಎಂಬುದರ ಬಾಲ ಹಿಡಿದು ಎಳೆದೆ. ಹೊರಬಂದದ್ದು ಇಷ್ಟು. ಅಪ್ಪ ಹಾಸಿಗೆ ಹಿಡಿದಿದ್ದಾಗ ಕೊನೆಗೌಡನನ್ನು ಗೊತ್ತು ಮಾಡಿ ಕೊಯ್ಲು ಮಾಡಿಸಿದವಳು ಇವಳು. ಅಕ್ಕಪಕ್ಕದ ತೋಟಗಳಲ್ಲೂ ಅದೇ ಹೊತ್ತಿಗೆ ಕೊಯ್ಲು, ಕೊನೆಗೌಡ ಒಬ್ಬನೇ. ಯಾರ ತೋಟ ಮೊದಲು ಎಂದು ಮಾತಾಡಿ ಒಪ್ಪಿಸಿದವಳೂ ಇವಳೇ. ಸಂಜೆ ಅಂಗಳದಲ್ಲಿ ಮೆಟ್ಟುಗತ್ತಿ ಸಾಲಾಗಿ ಇಟ್ಟು ಸುಲಿಯುವವರು ಕೂತರೆ, ರಾತ್ರಿ ಯಾರದು ಎಷ್ಟು ಡಬ್ಬ ಎಂದು ಅಳೆದು ಪಟ್ಟಿ ಬರೆಯಬೇಕು. ಅಳೆಯುವಾಗ ಡಬ್ಬ ಕುಲುಕಿದರೆ ಸುಲಿಯುವವರಿಗೆ ನಷ್ಟ, ಕುಲುಕದಿದ್ದರೆ ಮನೆಯವರಿಗೆ ನಷ್ಟ. ಇದಕ್ಕೇ ಪ್ರತಿವರ್ಷ ಜಗಳ. ಇವಳು ಮೊದಲ ದಿನವೇ ಎಲ್ಲರೆದುರು ಡಬ್ಬಕ್ಕೆ ಗೆರೆ ಹಾಕಿ, ಕುಲುಕುವುದೇ ಬೇಡ, ಗೆರೆ ಮುಟ್ಟಿದರೆ ಒಂದು ಎಂದು ತೀರ್ಮಾನ ಮಾಡಿದ್ದಳು. ಮುಂಗಡ ತೆಗೆದುಕೊಂಡವರ ಲೆಕ್ಕ ಬೇರೆ ಪುಸ್ತಕದಲ್ಲಿ. ಸಂತೆಯ ಹಿಂದಿನ ದಿನ ಬಟವಾಡೆ. ಚೊಗರಿನಲ್ಲಿ ಬೇಯಿಸಿ ಒಣಗಿದ ಮೇಲೆ ರಾಶಿ, ಬೆಟ್ಟೆ, ಗೊರಬಲು ಆರಿಸಿ, ಧಾರಣೆ ಇಳಿದಿದೆ ಎಂದು ಅಪ್ಪ ಹೆದರಿದಾಗ ಅರ್ಧ ಮಾತ್ರ ಮಂಡಿಗೆ ಕಳಿಸಿ ಅರ್ಧ ಇಟ್ಟುಕೊಂಡದ್ದು ಕೂಡ ಅವಳದೇ ನಿರ್ಧಾರ.

ಸಾಲ ಕೊಡುವ, ವಸೂಲು ಮಾಡುವ, ಜನರ ನಡುವೆ ನಂಬಿಕೆ ಉಳಿಸಿಕೊಂಡು ಲೆಕ್ಕ ಇಡುವ ಕೆಲಸಕ್ಕೆ ಅರ್ಜಿ ಹಾಕಿದವಳು, ಅದನ್ನೇ ಒಂದು ಸುಗ್ಗಿ ಪೂರ್ತಿ ಮಾಡಿ ಬಂದವಳು, 'ಏನಿಲ್ಲ, ಮನೇಲೇ ಇದ್ದೆ' ಎನ್ನುತ್ತಾಳೆ! ಇದನ್ನು ವಿನಯ ಎನ್ನೋಣವೇ? ನಾನಂತೂ ಸುಳ್ಳು ಎಂದೇ ಹೇಳಿದೆ. ಹುಡುಗಿಯ ಕಣ್ಣಲ್ಲಿ ನೀರು ಬಂತು. ಸುಳ್ಳು ಹೇಳಿದೆ ಎಂದು ಅವಳಿಗೆ ಈ ಮೊದಲು ಯಾರೂ ಹೇಳಿರಲಿಲ್ಲ. ಇದ್ದದ್ದಕ್ಕಿಂತ ಹೆಚ್ಚು ಹೇಳುವುದು ಸುಳ್ಳಾದರೆ ಕಡಿಮೆ ಹೇಳುವುದೂ ಸುಳ್ಳೇ. ಸತ್ಯಕ್ಕೆ ಒಂದೇ ಬದಿಯಲ್ಲಿ ಬೇಲಿ ಹಾಕಿ ಇನ್ನೊಂದು ಬದಿ ತೆರೆದಿಟ್ಟವರು ನಾವು.

ನಮ್ಮ ಮಲೆನಾಡಿನ ಸಂಕೋಚವನ್ನು ಸದ್ಗುಣವೆಂದು ಕೊಂಡಾಡುವವರ ಜೊತೆ ನನಗೆ ಜಗಳವಿದೆ. ಅದರಲ್ಲಿ ಅರ್ಧ ಭಯ: ದೃಷ್ಟಿ ತಾಗೀತು, ಕೈಸಾಲ ಕೇಳಿಯಾರು, ನಾಳೆ ಎಡವಿದರೆ ನಕ್ಕಾರು. ಉಳಿದರ್ಧ ಒಣ ಜಂಬ. ನಾನೇಕೆ ಬಾಯಿಬಿಟ್ಟು ಹೇಳಲಿ, ಯೋಗ್ಯತೆ ಇದ್ದವನಿಗೆ ತಾನಾಗಿ ತಿಳಿಯುತ್ತದೆ ಎಂಬ ಜಂಬ. ಮೇಜಿನ ಆಚೆ ಕೂತವರಿಗೆ ದಿನಕ್ಕೆ ಹತ್ತಾರು ಮುಖ. ಅವರಿಗೆ ತಾನಾಗಿ ಏನೂ ತಿಳಿಯುವುದಿಲ್ಲ.

ಆ ಹುಡುಗಿಗೆ ನಾನು ಹೇಳಿದ್ದು ಕಿಷ್ಕಿಂಧಾಕಾಂಡದ ಕೊನೆಯ ಸನ್ನಿವೇಶ. ಸೀತೆ ಲಂಕೆಯಲ್ಲಿದ್ದಾಳೆಂದು ಸಂಪಾತಿಯಿಂದ ತಿಳಿದಿದೆ, ನಡುವೆ 100 ಯೋಜನ ಸಮುದ್ರ. ದಡದಲ್ಲಿ ಕಪಿಗಳ ಸಭೆ. ಯಾರು ಎಷ್ಟು ಹಾರಬಲ್ಲಿರಿ ಎಂದು ಅಂಗದ ಕೇಳುತ್ತಾನೆ. ಗಜನೆಂಬುವನು ಎದ್ದು 10 ಯೋಜನ ಎನ್ನುತ್ತಾನೆ, ಗವಾಕ್ಷ 20 ಎನ್ನುತ್ತಾನೆ. ಹೀಗೇ ಒಬ್ಬೊಬ್ಬರೂ ತಮ್ಮ ತಮ್ಮ ಲೆಕ್ಕ ಹೇಳುತ್ತಾರೆ. ಮುದುಕ ಜಾಂಬವಂತ, ತ್ರಿವಿಕ್ರಮನಾಗಿ ಬೆಳೆದ ವಾಮನನಿಗೆ ಪ್ರದಕ್ಷಿಣೆ ಬಂದ ತನ್ನ ಹಳೆಯ ಕಾಲವನ್ನು ನೆನೆದು, ಈಗ 90 ಮಾತ್ರ ಆದೀತು ಎನ್ನುತ್ತಾನೆ. ಅಂಗದ 100 ಹಾರಬಲ್ಲೆ, ವಾಪಸು ಬರುವುದು ಖಾತ್ರಿಯಿಲ್ಲ ಎನ್ನುತ್ತಾನೆ.

ಈ ಸಭೆಯಲ್ಲಿ ಯಾರೂ ಆತ್ಮಸ್ತುತಿ ಮಾಡಿಕೊಂಡರು ಎಂದು ವಾಲ್ಮೀಕಿ ಹೇಳುವುದಿಲ್ಲ. ಓದುವ ನಮಗೂ ಅನ್ನಿಸುವುದಿಲ್ಲ. 10 ಎಂದ ಗಜನಿಗೆ ನಾಚಿಕೆಯಿಲ್ಲ, 90 ಎಂದ ಜಾಂಬವಂತನಿಗೆ ಸೊಕ್ಕಿಲ್ಲ. 10 ಯೋಜನದವನು ಕೆಲಸಕ್ಕೆ ಬಾರದವನು ಎಂದು ಯಾರೂ ಆಡಿಕೊಳ್ಳಲೂ ಇಲ್ಲ. ಅರ್ಜುನನ ಮಾತಿಗೂ ಇವರ ಮಾತಿಗೂ ಇರುವ ವ್ಯತ್ಯಾಸ ಇಲ್ಲಿದೆ ನೋಡಿ. ಅರ್ಜುನ ಹೇಳಿದ್ದು ತನಗೆ ಸಮಾನರಿಲ್ಲ ಎಂದು. ಅದರಲ್ಲಿ ಉಳಿದ ಬಿಲ್ಲುಗಾರರೆಲ್ಲ ಕೆಳಗಿಳಿದರು. ಕಪಿಗಳು ಹೇಳಿದ್ದು ತಮ್ಮ ಅಳತೆಯನ್ನು. ಅದರಲ್ಲಿ ಇನ್ನೊಬ್ಬನ ಪ್ರಸ್ತಾಪವೇ ಇಲ್ಲ. ಬಸವಣ್ಣನವರು ಆತ್ಮಸ್ತುತಿಯ ಬೆನ್ನಿಗೇ ಪರನಿಂದೆಯನ್ನೂ ಬೇಡವೆಂದದ್ದು ಸುಮ್ಮನೆ ಅಲ್ಲ ಎಂದು ನನಗನ್ನಿಸುತ್ತದೆ. ಎರಡೂ ಒಂದೇ ತಕ್ಕಡಿಯ ಎರಡು ತಟ್ಟೆ.

ಆದ್ದರಿಂದ ಆ ತೀರ್ಥಹಳ್ಳಿ ಹುಡುಗನಿಗೆ ನನ್ನ ಉತ್ತರ: 'ನಾನು ಎಲ್ಲರಿಗಿಂತ ಚುರುಕು' ಎಂದರೆ ಪಾಪವೋ ಅಲ್ಲವೋ, ಸಮಿತಿಯವರಂತೂ ನಂಬುವುದಿಲ್ಲ. 'ಅಂಗಳದಲ್ಲಿ ಸುಲಿಯುವವರ ಲೆಕ್ಕ ನಾನು ಬರೆಯುತ್ತಿದ್ದೆ, ಅಳತೆಯ ಜಗಳ ಹೀಗೆ ಬಗೆಹರಿಸಿದೆ, ಧಾರಣೆ ಊಹಿಸುವುದು ಮಾತ್ರ ನನಗೆ ಇನ್ನೂ ಬರುವುದಿಲ್ಲ' ಎಂದರೆ ಅದರಲ್ಲಿ ಪಾಪದ ಸೋಂಕೂ ಇಲ್ಲ. ಅಂಗದನಂತೆ ವಾಪಸು ಬರುವ ಬಗ್ಗೆ ಅನುಮಾನವಿದ್ದರೆ ಅದನ್ನೂ ಸೇರಿಸಿ ಹೇಳಿದರಾಯಿತು.

ಅದೇ ಸಭೆಯಲ್ಲಿ ಒಬ್ಬ ಮಾತಾಡದೆ ದೂರ ಕೂತಿದ್ದ. ಹನುಮಂತ. 100 ಯೋಜನ ಹೋಗಿ ಬರುವ ಶಕ್ತಿ ಇದ್ದದ್ದು ಅವನೊಬ್ಬನಿಗೆ, ಸುಮ್ಮನಿದ್ದವನೂ ಅವನೊಬ್ಬನೇ. ನಮ್ಮ ಕಡೆಯ ಮಕ್ಕಳನ್ನು ನೋಡಿದಾಗ ನನಗೆ ಈ ಚಿತ್ರ ಬರುತ್ತದೆ, ಎಲ್ಲರೂ ಹನುಮಂತರೆಂದಲ್ಲ, ಸುಮ್ಮನಿರುವ ಗುಣದಲ್ಲಿ. ಜಾಂಬವಂತ ಅವನ ಹತ್ತಿರ ಹೋಗಿ ಹುಟ್ಟಿದ ಕಥೆಯಿಂದ ಹಿಡಿದು ನೆನಪಿಸಬೇಕಾಯಿತು. ಬ್ಯಾಂಕಿನ ಸಮಿತಿಯಲ್ಲಿ ಜಾಂಬವಂತರು ಇರುವುದಿಲ್ಲ. ಆ ಕೆಲಸ ಮನೆಯ ಜಗಲಿಯಲ್ಲೇ ಆಗಬೇಕು.

ತಯಾರಿ ಎಂದರೆ ಏನು ಎಂಬುದನ್ನು ನಾನು ಕಲಿತದ್ದು ಬ್ಯಾಂಕಿನ ತರಬೇತಿಯಲ್ಲಲ್ಲ, ಅಪ್ಪನಿಂದ. ಅಪ್ಪ ತಾಳಮದ್ದಳೆಯ ಅರ್ಥಧಾರಿ. ಮಳೆಗಾಲದ ರಾತ್ರಿ, ಹೊರಗೆ ಜಡಿಮಳೆ, ಒಳಗೆ ಭಾಗವತರು, ಮದ್ದಳೆ, ವೇಷವಿಲ್ಲದೆ ಎದುರುಬದುರು ಕೂತ ಪಾತ್ರಗಳು. ಪ್ರಸಂಗದ ಪದ್ಯ ಎಲ್ಲರಿಗೂ ಗೊತ್ತಿದ್ದದ್ದೇ. ಅರ್ಥ ಮಾತ್ರ ಆಡುವವನದು, ಅದನ್ನು ಯಾರೂ ಬರೆದುಕೊಡುವುದಿಲ್ಲ. ಎದುರಿನ ಅರ್ಥಧಾರಿ ಯಾವ ಪ್ರಶ್ನೆ ಎಸೆಯುತ್ತಾನೋ ಹೇಳಲಾಗದು. ಸಂಭಾಷಣೆ ಬಾಯಿಪಾಠ ಮಾಡಿ ಬಂದವರು ಎರಡನೇ ಪದ್ಯಕ್ಕೇ ಸಿಕ್ಕಿಹಾಕಿಕೊಳ್ಳುತ್ತಿದ್ದರು. ಎದುರಿನವರು ಕೇಳಿದ್ದೊಂದು, ಇವರು ಹೇಳಿದ್ದು ತಮ್ಮ ಕಂಠಪಾಠ. ಅಪ್ಪ ಒಂದು ಸಾಲನ್ನೂ ಬರೆದಿಡುತ್ತಿರಲಿಲ್ಲ. ಆದರೆ ವಿದುರನ ಅರ್ಥ ಹೇಳಬೇಕಾದ ವಾರ ಉದ್ಯೋಗಪರ್ವ ಬಿಟ್ಟು ಬೇರೇನನ್ನೂ ಓದುತ್ತಿರಲಿಲ್ಲ, ತೋಟಕ್ಕೆ ಹೋದರೂ ಗೊಣಗುತ್ತಾ ಇರುತ್ತಿದ್ದರು. ಪಾತ್ರ ಒಳಗಿದ್ದರೆ ಮಾತು ಹೊರಗೆ ಬರುತ್ತದೆ ಎನ್ನುತ್ತಿದ್ದರು. ಮಕ್ಕಳಿಗೆ ನಾನು ಹೇಳುವುದೂ ಇದನ್ನೇ. ಉತ್ತರಗಳನ್ನು ಬಾಯಿಪಾಠ ಮಾಡಬೇಡಿ. ನೀವು ಮಾಡಿದ ನಾಲ್ಕು ಕೆಲಸಗಳನ್ನು ಆರಿಸಿಕೊಂಡು, ಪ್ರತಿಯೊಂದರಲ್ಲೂ ಏನು ಕಷ್ಟ ಬಂತು, ಏನು ಮಾಡಿದಿರಿ, ಕೊನೆಗೆ ಏನಾಯಿತು ಎಂಬುದನ್ನು ನಿಮಗೇ ಬೇಸರ ಬರುವಷ್ಟು ಸಲ ನೆನಪು ಮಾಡಿಕೊಳ್ಳಿ. ಕರೆದ ಸಂಸ್ಥೆ ಏನು ಮಾಡುತ್ತದೆ ಎಂದು ಓದಿಕೊಳ್ಳಿ. ನಿಮ್ಮ ತಾಲೂಕಿನ ಬಗ್ಗೆಯೂ ಓದಿಕೊಳ್ಳಿ. ಲಿಂಗನಮಕ್ಕಿ ಯಾವ ನದಿಗೆ ಕಟ್ಟಿದ್ದು, ಕಾಗೋಡು ಸತ್ಯಾಗ್ರಹ ಯಾಕಾಗಿ ನಡೆಯಿತು ಎಂದು ಕೇಳಿದರೆ ಸಾಗರದ ಹುಡುಗ ಬೆಬ್ಬೆಬ್ಬೆ ಅನ್ನಬಾರದು. 1951ರಲ್ಲಿ ಗೇಣಿದಾರರು ಹೋರಾಡಿದ ಊರು ಅವನ ಮನೆಗೆ ಹತ್ತಿರವೇ ಇದೆ.

ಇನ್ನೊಂದು, ಕೇಳಿಸಿಕೊಳ್ಳುವುದು. ಯಕ್ಷನ ಕೊಳದ ಬಳಿ ನಾಲ್ವರು ಪಾಂಡವರು ಬಿದ್ದದ್ದು ಉತ್ತರ ಗೊತ್ತಿಲ್ಲದೆ ಅಲ್ಲ. ಸಹದೇವನಿಗಿಂತ ತಿಳಿದವರುಂಟೇ? ಪ್ರಶ್ನೆ ಕೇಳಿಸಿಕೊಳ್ಳುವ ತಾಳ್ಮೆ ಇಲ್ಲದೆ ನೀರಿಗೆ ಕೈಹಾಕಿದರು. ಧರ್ಮರಾಯ ನಿಂತು ಕೇಳಿದ. ನಾನು ಕಂಡಂತೆ ಸಂದರ್ಶನದಲ್ಲಿ ಸೋತವರಲ್ಲಿ ಮುಕ್ಕಾಲು ಪಾಲು ಕೇಳದ ಪ್ರಶ್ನೆಗೆ ಚೆನ್ನಾಗಿ ಉತ್ತರ ಹೇಳಿದವರು. ಹೇಗೆ ಮಾತಾಡಬೇಕು ಎಂಬುದಕ್ಕೆ ಬೇರೆ ಪುಸ್ತಕವೂ ಬೇಡ. ಹನುಮಂತ ಮೊದಲ ಸಲ ಎದುರಾಗಿ ಮಾತಾಡಿದ ಮೇಲೆ ರಾಮ ಲಕ್ಷ್ಮಣನಿಗೆ ಹೇಳುವ ಅಭಿಪ್ರಾಯ ಪಕ್ಕಾ ಸಮಿತಿಯ ಅಧ್ಯಕ್ಷನದು. ಉದ್ದ ಎಳೆಯಲಿಲ್ಲ, ಅನುಮಾನಕ್ಕೆ ಎಡೆಯಿಡಲಿಲ್ಲ, ಅವಸರವಿಲ್ಲ, ತಡವರಿಕೆಯಿಲ್ಲ, ದನಿ ಮಧ್ಯಮ, ಮುಖ ಹುಬ್ಬುಗಳಲ್ಲಿ ವಿಕಾರವಿಲ್ಲ. ಹನುಮಂತ ಬಂದದ್ದು ಸನ್ಯಾಸಿಯ ವೇಷದಲ್ಲಿ. ಆದರೆ ತಾನು ಸುಗ್ರೀವನ ಮಂತ್ರಿ, ವೇಷ ಹಾಕಿ ಬಂದಿದ್ದೇನೆ ಎಂದು ಅದೇ ಉಸಿರಿನಲ್ಲಿ ಹೇಳಿಬಿಟ್ಟ. ಕೋಟು ಬಾಡಿಗೆಗೆ ತಂದಿದ್ದರೂ ಅಡ್ಡಿಯಿಲ್ಲ, ಒಳಗಿನವನು ಯಾರೆಂದು ಮುಚ್ಚಿಡಬಾರದು.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದಕ್ಕೆ ಉಪನಿಷತ್ತೇ ಸಾಕ್ಷಿ. ಛಾಂದೋಗ್ಯದ ಸತ್ಯಕಾಮ ಹಾರಿದ್ರುಮತ ಗೌತಮನ ಬಳಿ ಹೋದಾಗ ಮೊದಲ ಪ್ರಶ್ನೆ, ನಿನ್ನ ಗೋತ್ರ ಯಾವುದು? ಗೊತ್ತಿಲ್ಲ ಎಂದ ಹುಡುಗ. ನೀನು ಹುಟ್ಟಿದಾಗ ನಾನು ಹಲವರ ಸೇವೆಯಲ್ಲಿ ಓಡಾಡಿಕೊಂಡಿದ್ದೆ, ಗೋತ್ರ ತಿಳಿಯದು, ನನ್ನ ಹೆಸರು ಜಬಾಲೆ ಎಂದು ತಾಯಿ ಹೇಳಿದ್ದನ್ನು ಹಾಗೇ ಒಪ್ಪಿಸಿದ. ಗುರು ಸೇರಿಸಿಕೊಂಡ. ಸೇರಿಸಿಕೊಂಡ ಮೇಲೆ ಬಡಕಲು ಹಸುಗಳಲ್ಲಿ 400 ಆರಿಸಿ ಮೇಯಿಸಲು ಕಳಿಸಿದ. ಅವು 1000 ಆಗುವವರೆಗೆ ಬರುವುದಿಲ್ಲ ಎಂದು ಹುಡುಗ ಹೊರಟ. ಪ್ರೊಬೇಷನ್ ಅವಧಿಯನ್ನು ಮಲೆನಾಡಿನ ಹಳ್ಳಿ ಶಾಖೆಯಲ್ಲಿ ಕಳೆದವರಿಗೆ ಈ ಭಾಗ ಬೇಗ ಅರ್ಥವಾಗುತ್ತದೆ. ಆದರೆ ಈ ಕಥೆಯ ಒಂದು ಮಾತು ನನಗೆ ಮುಳ್ಳು. ಇಷ್ಟು ಸತ್ಯ ಹೇಳುವವನು ಬ್ರಾಹ್ಮಣನೇ ಇರಬೇಕು ಎನ್ನುತ್ತಾನೆ ಗುರು. ಸತ್ಯವೇ ಕುಲ ಎಂದು ಇದಕ್ಕೆ ಅರ್ಥ ಹೇಳುವವರಿದ್ದಾರೆ, ಹೇಳಲಿ. ಹುಡುಗ ಸತ್ಯ ಹೇಳಿದ್ದಾನೆ ಎಂದಷ್ಟೇ ಹೇಳಿ ಒಳಗೆ ಕರೆದುಕೊಂಡಿದ್ದರೆ ನನಗೆ ಇನ್ನೂ ಸಮಾಧಾನವಾಗುತ್ತಿತ್ತು.

ಏಕೆಂದರೆ ಗೋತ್ರದ ಆ ಪ್ರಶ್ನೆ ಇವತ್ತಿಗೂ ಸತ್ತಿಲ್ಲ. ನಮ್ಮ ಕಡೆ ಅದರ ರೂಪ 'ಯಾವ ಊರು? ಯಾರ ಪೈಕಿ?' ಎಂಬುದು. ಜಗಲಿಯಲ್ಲಿ ಇದು ಉಪಚಾರದ ಮಾತು, ಸಂದರ್ಶನದ ಕೋಣೆಯಲ್ಲಿ ಅನ್ಯಾಯ. ಹಿರಿಯ ಅಧಿಕಾರಿಯೊಬ್ಬರು ನನ್ನ ಪಕ್ಕದಲ್ಲೇ ಕೂತು ಒಬ್ಬ ಹುಡುಗನಿಗೆ ಹೀಗೆ ಕೇಳಿದ್ದಿದೆ. ಹುಡುಗ ಊರಿನ ಹೆಸರು ಹೇಳಿ ನಿಲ್ಲಿಸಿದ. ಜಾಣ. ಇಂಥ ಪ್ರಶ್ನೆ ಕೋರ್ಟಿನವರೆಗೂ ಹೋಗಿದೆ. 1980ರಲ್ಲಿ ಸುಪ್ರೀಂ ಕೋರ್ಟ್ ಅಜಯ್ ಹಾಸಿಯಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಶ್ರೀನಗರದ ಎಂಜಿನಿಯರಿಂಗ್ ಕಾಲೇಜಿನ ಪ್ರವೇಶದ ವಿಷಯ. ಲಿಖಿತ ಪರೀಕ್ಷೆಗೆ 100 ಅಂಕ, ಮೌಖಿಕಕ್ಕೆ 50. ಎರಡು ಮೂರು ನಿಮಿಷ ಕೂರಿಸಿ ತಂದೆ ಯಾರು, ಮನೆ ಎಲ್ಲಿ ಎಂದು ಕೇಳಿ ಕಳಿಸಿದರು ಎಂಬುದು ವಿದ್ಯಾರ್ಥಿಗಳ ದೂರು. ಮೌಖಿಕಕ್ಕೆ ಶೇಕಡಾ 15ಕ್ಕಿಂತ ಹೆಚ್ಚು ಅಂಕವಿಟ್ಟರೆ ಅದು ಸ್ವೇಚ್ಛಾಚಾರ ಎಂದಿತು ನ್ಯಾಯಾಲಯ. 2016ರ ಜನವರಿ 1ರಿಂದ ಕೇಂದ್ರ ಸರ್ಕಾರದ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿದರು. ನನ್ನ ಮಟ್ಟಿಗೆ ಅದು ಒಳ್ಳೆಯದೇ ಆಯಿತು. ಒಬ್ಬ ಮನುಷ್ಯನನ್ನು ಇಪ್ಪತ್ತು ನಿಮಿಷದಲ್ಲಿ ತೂಗುತ್ತೇನೆ ಎಂದು ಕೂರುವವನಿಗೆ ಸ್ವಲ್ಪ ಭಯಭಕ್ತಿ ಬೇಕು. ಎದುರಿನವನಿಗಿಂತ ಹೆಚ್ಚು ತಯಾರಿ ಮಾಡಿಕೊಂಡು ಬರಬೇಕಾದವನು ಅವನು.

ಇನ್ನು ಹರಕೆಯ ವಿಷಯ. ಸಂದರ್ಶನದ ಪತ್ರ ಬಂದ ಕೂಡಲೇ ಅದನ್ನು ಸಿಗಂದೂರು ಚೌಡೇಶ್ವರಿಯ ಮುಂದಿಟ್ಟು ಬರುವ ಮಕ್ಕಳು ಎಷ್ಟೋ ಜನ. ಮೊದಲೆಲ್ಲ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾದು ಹೋಗಬೇಕಿತ್ತು. 2025ರ ಜುಲೈ 14ರಂದು ಶರಾವತಿ ಹಿನ್ನೀರಿಗೆ ಸೇತುವೆ ಉದ್ಘಾಟನೆಯಾದ ಮೇಲೆ ಬೈಕಿನಲ್ಲಿ ಹೋಗಿ ಮಧ್ಯಾಹ್ನದೊಳಗೆ ಮನೆಗೆ ಬರುತ್ತಾರೆ. ಹೊಸನಗರದ ಕಡೆಯವರು ಹುಂಚದ ಪದ್ಮಾವತಿಗೆ ಹೋಗುತ್ತಾರೆ, ತೀರ್ಥಹಳ್ಳಿಯವರು ತುಂಗೆಯ ದಡದ ರಾಮೇಶ್ವರನಿಗೆ. ಈಗ ಲೆಕ್ಕ ಹಾಕಿ. ಹುದ್ದೆ ಒಂದು, ಮೂರು ತಾಲೂಕಿನಿಂದ ಮೂವರು, ಮೂವರದೂ ಹರಕೆ. ದೇವರು ಯಾರ ಮಾತು ನಡೆಸಬೇಕು? ಮೂರು ದೇವರು ಕೂತು ಪಂಚಾಯಿತಿ ಮಾಡಬೇಕೇ? ಒಬ್ಬಳಿಗೆ ಕೊಡು ಎಂದು ಕೇಳಿದ ಕ್ಷಣ ಇನ್ನಿಬ್ಬರಿಗೆ ಕೊಡಬೇಡ ಎಂದೂ ಕೇಳಿದಂತಾಯಿತು. ಬಸವಣ್ಣನವರು ಬೇಡವೆಂದಿದ್ದ ಆ ತಕ್ಕಡಿ ಗರ್ಭಗುಡಿಯ ಬಾಗಿಲಿಗೇ ಬಂದು ನಿಂತಿತು.

ಹೋಗಬೇಡಿ ಎಂದು ನಾನು ಯಾವತ್ತೂ ಹೇಳಿಲ್ಲ. ನನ್ನ ಸಂದರ್ಶನದ ದಿನ ನಮ್ಮಮ್ಮ ತುಪ್ಪದ ದೀಪ ಹಚ್ಚಿ ಊಟ ಬಿಟ್ಟು ಕೂತಿದ್ದರು. ಅದನ್ನು ನೆನೆದರೆ ಈಗಲೂ ಕೈಮುಗಿಯಬೇಕು ಅನಿಸುತ್ತದೆ. ಹೋಗಿ, ಆದರೆ ವ್ಯಾಪಾರ ಮಾಡಬೇಡಿ. ಇಷ್ಟು ಕೊಡುತ್ತೇನೆ, ಅಷ್ಟು ಕೊಡು ಎಂಬುದನ್ನು ಮಂಡಿಯಲ್ಲಿ ಇಟ್ಟುಕೊಳ್ಳೋಣ. ಇದ್ದದ್ದನ್ನು ಇದ್ದಂತೆ ಹೇಳುವ ಹಾಗೆ ನಾಲಿಗೆ ನಿಲ್ಲಲಿ, ಎದುರಿಗೆ ಕೂತವರ ಕಣ್ಣು ಶುದ್ಧವಾಗಿರಲಿ ಎಂದು ಕೇಳಿಕೊಂಡರೆ ಆ ಪ್ರಾರ್ಥನೆಯಲ್ಲಿ ಇನ್ನಿಬ್ಬರೂ ಸೇರುತ್ತಾರೆ.

ಫಲದ ಮಾತು ಬಂದಾಗ ಎಲ್ಲರೂ ಗೀತೆಯ ಎರಡನೇ ಅಧ್ಯಾಯ ಹೇಳುತ್ತಾರೆ. ನಿರುದ್ಯೋಗಿ ಹುಡುಗನಿಗೆ ಫಲದ ಆಸೆ ಬಿಡು ಎಂದು ಪಿಂಚಣಿದಾರರು ಹೇಳುವುದು ನನಗೆ ಸರಿಕಾಣುವುದಿಲ್ಲ. ನಾನು ತೋರಿಸುವುದು ಹದಿನೆಂಟನೇ ಅಧ್ಯಾಯವನ್ನು. ಅಲ್ಲಿ ಯಾವ ಕೆಲಸ ನಡೆಯಬೇಕಾದರೂ ಐದು ಕಾರಣ ಎನ್ನುತ್ತಾನೆ ಕೃಷ್ಣ: ನೆಲೆ, ಮಾಡುವವನು, ಸಾಧನಗಳು, ಬಗೆಬಗೆಯ ಯತ್ನ, ಐದನೆಯದು ದೈವ. ಮೊದಲನೆಯದಲ್ಲ, ಐದನೆಯದು. ಕೆಲಸ ಸಿಕ್ಕವನು ನನ್ನ ಯತ್ನ ಎನ್ನುತ್ತಾನೆ, ಸಿಗದವನು ನನ್ನ ದೈವ ಎನ್ನುತ್ತಾನೆ. ಊರಿನವರು ಇಬ್ಬರನ್ನೂ ಬಿಟ್ಟು ವಶೀಲಿ ಎನ್ನುತ್ತಾರೆ. ಗೀತೆಯ ಪ್ರಕಾರ ಸಿಕ್ಕವನಿಗೂ ಐದು, ಸಿಗದವನಿಗೂ ಐದು. ಹೆಚ್ಚಿನ ಸರ್ಕಾರಿ ಬ್ಯಾಂಕುಗಳ ಅಧಿಕಾರಿ ಹುದ್ದೆಯಲ್ಲಂತೂ ಮುಖ್ಯ ಪರೀಕ್ಷೆಗೂ ಸಂದರ್ಶನಕ್ಕೂ 80:20ರ ಪಾಲು. ಆ 20ರಲ್ಲಿ ಸಮಿತಿಯವರ ಮಧ್ಯಾಹ್ನದ ಹಸಿವು, ನಿಮಗಿಂತ ಮುಂಚೆ ಹೋದವನ ಚುರುಕು, ಆ ವರ್ಷದ ಖಾಲಿ ಹುದ್ದೆಗಳ ಸಂಖ್ಯೆ ಎಲ್ಲ ಸೇರಿವೆ. ಅದನ್ನು ನಿಮ್ಮ ಆತ್ಮದ ಮೇಲೆ ಬಂದ ತೀರ್ಪು ಎಂದುಕೊಂಡರೆ ದಡ್ಡತನ.

ನಿರಾಕರಣೆಯೂ ಯಾವಾಗಲೂ ನಷ್ಟವಲ್ಲ. ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಯ ಹುಡುಗ ಪುಟ್ಟಪ್ಪ ಮೈಸೂರಿನಲ್ಲಿ ಓದುತ್ತಿದ್ದಾಗ, 1924ರಲ್ಲಿ, ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರ ಬಳಿ ತನ್ನ ಇಂಗ್ಲಿಷ್ ಕವಿತೆಗಳನ್ನು ಹಿಡಿದು ಹೋದ. ಮೆಚ್ಚುಗೆ ನಿರೀಕ್ಷಿಸಿ ಹೋದವನಿಗೆ ಸಿಕ್ಕಿದ್ದು, ನಿನ್ನ ಭಾಷೆಯಲ್ಲಿ ಬರೆ ಎಂಬ ಮಾತು. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದ ಮಹಾಕಾವ್ಯವನ್ನು ಅವರು ಬರೆದದ್ದು ಆಮೇಲಿನ ಕಥೆ. ಎಲ್ಲರಿಗೂ ಹೀಗೆ ಆಗುತ್ತದೆ ಎಂದು ಸಮಾಧಾನ ಹೇಳುವಷ್ಟು ಹುಂಬಳಲ್ಲ ನಾನು. ಕಸಿನ್ಸ್ ಸಾಹೇಬರು ಹುಡುಗನನ್ನು ಸರಿಯಾಗಿ ನೋಡಿದರು, ಅದಕ್ಕೇ ಆ ಮಾತು ಬಂತು. ಹಾಗೆ ನೋಡುವವರು ಎದುರಿಗೆ ಸಿಗುವುದು ಅಪರೂಪ.

ನಗರದ ಹುಡುಗಿ ಆ ವರ್ಷ ಆಯ್ಕೆಯಾಗಲಿಲ್ಲ. ಸಂದರ್ಶನ ಚೆನ್ನಾಗಿ ಆಯಿತಂತೆ. ಡಬ್ಬದ ಗೆರೆಯ ವಿಷಯ ಹೇಳಿದಾಗ ಸಮಿತಿಯಲ್ಲಿದ್ದ ಒಬ್ಬರು ಮುಂದಕ್ಕೆ ಬಾಗಿ ಮತ್ತೆ ಮತ್ತೆ ಕೇಳಿದರಂತೆ. ಒಟ್ಟು ಅಂಕದಲ್ಲಿ ಸ್ವಲ್ಪದರಲ್ಲಿ ಹೋಯಿತು. ಈಗ ಮತ್ತೆ ಬರೆಯುತ್ತಿದ್ದಾಳೆ, ನಡುವೆ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದಾಳೆ. ಆ ಕೆಲಸಕ್ಕೆ ಹೋದಾಗ 'ಮನೇಲೇ ಇದ್ದೆ' ಎನ್ನಲಿಲ್ಲ ಎಂದು ಫೋನ್ ಮಾಡಿ ಹೇಳಿದಳು.

ಬ್ಯಾಂಕಿನಲ್ಲೋ ಶಾಲೆಯಲ್ಲೋ ಕಚೇರಿಯಲ್ಲೋ ದುಡಿದು ನಿವೃತ್ತರಾಗಿ ಈ ಮೂರು ತಾಲೂಕಿನಲ್ಲಿ ಮನೆ ಕಟ್ಟಿಕೊಂಡು ಕೂತವರು ಬಹಳ ಜನ ಇದ್ದೇವೆ. ನಮ್ಮಲ್ಲಿ ಹೆಚ್ಚಿನವರು ಒಂದಲ್ಲ ಒಂದು ದಿನ ಮೇಜಿನ ಆ ಬದಿಯಲ್ಲಿ ಕೂತವರೇ. ಒಂದು ಭಾನುವಾರ ಮಧ್ಯಾಹ್ನ ಅಕ್ಕಪಕ್ಕದ ಮಕ್ಕಳನ್ನು ಜಗಲಿಗೆ ಕರೆದು ಕುರ್ಚಿ ಹಾಕಿ ಪ್ರಶ್ನೆ ಕೇಳಿ. 'ಯಾರ ಪೈಕಿ' ಎಂಬುದೊಂದನ್ನು ಬಿಟ್ಟು ಏನು ಬೇಕಾದರೂ ಕೇಳಿ. 'ಏನಿಲ್ಲ' ಎಂದು ಉತ್ತರ ಬಂದರೆ ಅಲ್ಲಿಗೆ ಬಿಡಬೇಡಿ, ಇನ್ನೊಂದು ಸಲ ಕೇಳಿ.